ಕುಟೀರದಲ್ಲಿ ಇಳಿದ ತೂಕ ಮನೆಯಲ್ಲಿ ಏರದಿರಲಿ

ಬೆಂಗಳೂರಿನಿಂದ ಬನ್ನೇರುಘಟ್ಟದ ದಾರಿಯಾಗಿ ದಕ್ಷಿಣಕ್ಕೆ ಹೋದರೆ ಆನೇಕಲ್ ತಾಲ್ಲೂಕಿನ ಜಿಗಣಿ ಎದುರಾಗುತ್ತದೆ. ರಾಗಿ, ಅವರೆಗಳ ಹೊಲಗಳ ನಡುವೆ ಇದ್ದ ಈ ಊರಿನ ಸುತ್ತ ಇಂದು ಕೈಗಾರಿಕಾ ಪ್ರದೇಶ ಬೆಳೆದು ನಿಂತಿದೆ. ಗ್ರಾನೈಟ್ ಕಲ್ಲನ್ನು ಕೊಯ್ದು ಹೊಳಪು ಕೊಡುವ ಕಾರ್ಖಾನೆಗಳು, ಯಂತ್ರಗಳ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಗಳು ಸಾಲುಗಟ್ಟಿವೆ. ಸಮೀಪದಲ್ಲಿಯೇ ಬೊಮ್ಮಸಂದ್ರವೂ ಎಲೆಕ್ಟ್ರಾನಿಕ್ ಸಿಟಿಯೂ ಇವೆ.

ಈ ಊರಿನ ದಾರಿಯಲ್ಲಿ ದಿನವೂ ಎರಡು ಬಗೆಯ ಪ್ರಯಾಣಿಕರನ್ನು ಕಾಣಬಹುದು. ಕಂಪನಿಯ ಬಸ್ಸಿನಲ್ಲಿ ಕುಳಿತು ಬಂದು, ಎಂಟು ಹತ್ತು ಗಂಟೆಗಳ ಕಾಲ ಕುರ್ಚಿಯಲ್ಲಿ ಕುಳಿತು, ಮತ್ತೆ ಬಸ್ಸಿನಲ್ಲಿ ಕುಳಿತೇ ಮನೆಗೆ ಮರಳುವವರು ಮೊದಲನೆಯ ಬಗೆಯವರು. ಎರಡನೆಯವರು ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಕೆಲವು ವಾರ ತಂಗುವ ಸಿದ್ಧತೆಯಿಂದ ಬರುವವರು. ಅವರು ಹೊರಟಿರುವುದು ಜಿಗಣಿಯ ಬಳಿಯಿರುವ ಪ್ರಶಾಂತಿ ಕುಟೀರಕ್ಕೆ. ಮಧುಮೇಹ, ರಕ್ತದೊತ್ತಡ, ಬೆನ್ನುನೋವು ಮೊದಲಾದ ಬಾಧೆಗಳಿಗೆ ಯೋಗಚಿಕಿತ್ಸೆಯನ್ನು ಬಯಸಿ ಬರುವ ಇವರಲ್ಲಿ ಕೇವಲ ಮೈಬೊಜ್ಜನ್ನು ಕರಗಿಸಿಕೊಳ್ಳಲು ಬರುವವರೂ ಉಂಟು. ವಿಚಾರ ಮಾಡಿ ನೋಡಿದರೆ ಈ ಎರಡು ಬಗೆಯವರೂ ಬೇರೆ ಬೇರೆ ಜನರಲ್ಲ. ಮೊದಲನೆಯವರೇ ಹತ್ತು ಹದಿನೈದು ವರ್ಷಗಳ ಬಳಿಕ ಎರಡನೆಯವರಾಗುತ್ತಾರೆ.

ಹಾಗಾಗದಂತೆ ತಡೆಯಲು ಸಾಧ್ಯವೆ? ಕುಟೀರಕ್ಕೆ ಹೋಗಿ ತೂಕ ಇಳಿಸಿಕೊಂಡು ಬಂದವರು ಅದನ್ನು ಉಳಿಸಿಕೊಳ್ಳುವ ಬಗೆ ಯಾವುದು? ಪ್ರತಿಯೊಂದು ಮನೆಯ ಯಜಮಾನರೂ ಗೃಹಿಣಿಯರೂ ಯೋಚಿಸಬೇಕಾದ ಪ್ರಶ್ನೆಗಳಿವು.

ದಪ್ಪಗಾದರೆ ಸುಖವೆ?

ನಮ್ಮಲ್ಲಿ ಮೈ ತುಂಬಿಕೊಳ್ಳುವುದು ಬಹುಕಾಲದಿಂದ ಸುಖದ ಗುರುತು. ಮದುವೆಯಾದ ಹೊಸದರಲ್ಲಿ ಅಳಿಯ ದಪ್ಪಗಾದರೆ ಅತ್ತೆಗೆ ಹೆಮ್ಮೆ. ಬಾಣಂತನ ಮುಗಿಸಿ ಬಂದ ಮಗಳು ತೆಳ್ಳಗಿದ್ದರೆ ತವರಿನವರಿಗೆ ಅವಮಾನ. ಗುಂಡಗಿರುವ ಮಗುವಿಗೆ ದೃಷ್ಟಿಬೊಟ್ಟು; ಸಣಕಲ ಮಗುವಿಗೆ ಕನಿಕರ. ಬರಗಾಲಗಳನ್ನು ಕಂಡಿದ್ದ ಹಿರಿಯರ ಈ ಭಾವನೆಗೆ ಅರ್ಥವಿಲ್ಲದೆ ಇಲ್ಲ. ಆದರೆ ಕಾಲ ಬದಲಾಗಿದೆ. ೨೦೧೫-೧೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಮಂದಿ ಹೆಂಗಸರಲ್ಲಿ ಸುಮಾರು ೨೩ ಮಂದಿ, ನೂರು ಮಂದಿ ಗಂಡಸರಲ್ಲಿ ಸುಮಾರು ೨೨ ಮಂದಿ ಮಿತಿಮೀರಿದ ತೂಕದವರಾಗಿದ್ದರು. ೨೦೧೯-೨೧ರ ಸಮೀಕ್ಷೆಯ ವೇಳೆಗೆ ಈ ಸಂಖ್ಯೆ ಇಬ್ಬರಲ್ಲಿಯೂ ಸುಮಾರು ೩೦ನ್ನು ಮುಟ್ಟಿತು. ದಪ್ಪಗಾಗುವುದು ಈಗ ಕೆಲವೇ ಉಳ್ಳವರ ಲಕ್ಷಣವಾಗಿ ಉಳಿದಿಲ್ಲ; ಊರಿಗೆ ಊರೇ ಎದುರಿಸುತ್ತಿರುವ ಸಂಕಟವಾಗಿದೆ.

ಇದರ ಅಪಾಯ ಕನ್ನಡಿಯಲ್ಲಿ ಕಾಣುವಂಥದಲ್ಲ. ಹೊಟ್ಟೆಯ ಒಳಗೆ, ಕರುಳು ಮತ್ತು ಯಕೃತ್ತುಗಳ ಸುತ್ತ ಸಂಗ್ರಹವಾಗುವ ಕೊಬ್ಬು ಸುಮ್ಮನೆ ಬಿದ್ದಿರುವ ಮೂಟೆಯಲ್ಲ. ಅದು ರಕ್ತಕ್ಕೆ ನಾನಾ ದ್ರವ್ಯಗಳನ್ನು ಬಿಡುತ್ತ, ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡದಂತೆ ಅಡ್ಡಗಟ್ಟುತ್ತದೆ. ಅದರಿಂದ ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯು, ಯಕೃತ್ತಿನಲ್ಲಿ ಕೊಬ್ಬು ತುಂಬುವ ರೋಗ, ಪಿತ್ತಕೋಶದ ಕಲ್ಲು ಇವೆಲ್ಲ ಹತ್ತಿರವಾಗುತ್ತವೆ. ಭಾರವನ್ನು ಹೊರುವ ಮೊಣಕಾಲಿನ ಕೀಲುಗಳು ಬೇಗ ಸವೆಯುತ್ತವೆ. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟಿ, ಬೆಳಗ್ಗೆ ಎದ್ದಾಗ ನಿದ್ರೆಯೇ ಮಾಡದವರಂತೆ ಬಳಲಿಕೆಯಾಗುತ್ತದೆ. ಹೆಣ್ಣುಮಕ್ಕಳಲ್ಲಿ ಮಾಸಿಕ ಸ್ರಾವದ ಏರುಪೇರು ತೋರುತ್ತದೆ. ಕೆಲವು ಬಗೆಯ ಕ್ಯಾನ್ಸರ್‌ಗಳಿಗೂ ಬೊಜ್ಜಿಗೂ ಸಂಬಂಧವುಂಟೆಂದು ವೈದ್ಯವಿಜ್ಞಾನ ಕಂಡುಕೊಂಡಿದೆ.

ಬಸ್ಸಿನ ಡ್ರೈವರೂ ಕಂಡಕ್ಟರೂ

ಕುಳಿತು ಮಾಡುವ ಕೆಲಸಕ್ಕೂ ಹೃದಯದ ಆರೋಗ್ಯಕ್ಕೂ ಇರುವ ನಂಟು ಜಗತ್ತಿಗೆ ಮೊದಲು ಸ್ಪಷ್ಟವಾಗಿ ತಿಳಿದುದು ಒಂದು ಸ್ವಾರಸ್ಯಕರವಾದ ಸಂಗತಿಯಿಂದ. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಸಾರಿಗೆಯ ಸುಮಾರು ೩೧ ಸಾವಿರ ನೌಕರರ ಆರೋಗ್ಯವನ್ನು ಪರಿಶೀಲಿಸಿ ೧೯೫೩ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅಲ್ಲಿನ ಬಸ್ಸುಗಳು ಎರಡು ಅಂತಸ್ತಿನವು. ಡ್ರೈವರ್ ದಿನವಿಡೀ ಕುಳಿತೇ ಇರುತ್ತಿದ್ದ; ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ ಐದುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತುತ್ತಿದ್ದ. ಇಬ್ಬರದೂ ಒಂದೇ ಬಸ್ಸು, ಒಂದೇ ಬೀದಿ. ಆದರೆ ಹೃದಯಾಘಾತಗಳು ಕಂಡಕ್ಟರುಗಳಲ್ಲಿ ಗಮನಾರ್ಹವಾಗಿ ಕಡಿಮೆಯಾಗಿದ್ದುವು. ಬಂದರೂ ಅವುಗಳ ಉಗ್ರತೆ ಕಡಿಮೆಯಾಗಿತ್ತು.

ಇನ್ನೊಂದು ವಿಷಯ. ೧೯೫೬ರಲ್ಲಿ ಮಾರಿಸರ ತಂಡ ಈ ನೌಕರರ ಸಮವಸ್ತ್ರದ ಅಳತೆಗಳನ್ನೇ ತೆಗೆದು ನೋಡಿತು. ಡ್ರೈವರುಗಳ ಷರಾಯಿಯ ಸೊಂಟದ ಅಳತೆ ಕಂಡಕ್ಟರುಗಳದಕ್ಕಿಂತ ದೊಡ್ಡದಾಗಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿಯೇ ಈ ವ್ಯತ್ಯಾಸ ಇತ್ತು. ಹಾಗಾಗಿ ಎಲ್ಲ ದೋಷವನ್ನೂ ಕುರ್ಚಿಯ ಮೇಲೆಯೇ ಹೊರಿಸಲಾಗದು; ಅವರವರು ತಂದುಕೊಂಡ ಮೈಕಟ್ಟಿನ ಪಾಲೂ ಇದೆ. ಆದರೆ ಬಳಿಕ ಎಷ್ಟೋ ದೇಶಗಳಲ್ಲಿ ನಡೆದ ಅಧ್ಯಯನಗಳು ಮೂಲ ಮಾತನ್ನು ದೃಢಪಡಿಸಿವೆ: ನಡೆದಾಡುವ ಮೈಗೆ ರಕ್ಷೆಯುಂಟು, ಸೊಂಟದ ಸುತ್ತಳತೆ ಮುಂದಿನದನ್ನು ಸೂಚಿಸುತ್ತದೆ. ಜಿಗಣಿಯಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ ಕಚೇರಿಗಳಲ್ಲಿ ಇಂದು ನಾವೆಲ್ಲರೂ ಡ್ರೈವರುಗಳೇ. ಮೆಟ್ಟಿಲಿದ್ದರೂ ಲಿಫ್ಟು ಬಳಿಯಲ್ಲಿದೆ.

ತೆಳ್ಳಗಿದ್ದೂ ಬೊಜ್ಜು!

“ನಾನೇನೂ ಅಷ್ಟು ದಪ್ಪಗಿಲ್ಲವಲ್ಲ” ಎಂದು ಸಮಾಧಾನ ಪಟ್ಟುಕೊಳ್ಳುವ ವಾಚಕರು ಮುಂದಿನ ಸಂಗತಿಯನ್ನು ಗಮನಿಸಬೇಕು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ತಮ್ಮಿಬ್ಬರ ಮೈಯನ್ನೇ ಅಳತೆಗೆ ಒಡ್ಡಿ ೨೦೦೪ರಲ್ಲಿ ಒಂದು ಭಾವಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ಹೋಲಿಸಿದಾಗ ಇಬ್ಬರ ತೂಕವೂ ಒಂದೇ ಪ್ರಮಾಣದ್ದು. ನೋಡಲು ಇಬ್ಬರೂ ಸಪೂರ. ಆದರೆ ಆಂಗ್ಲ ವೈದ್ಯರ ಮೈಯಲ್ಲಿ ನೂರಕ್ಕೆ ೯ ಪಾಲು ಕೊಬ್ಬಿದ್ದರೆ, ನಮ್ಮ ವೈದ್ಯರ ಮೈಯಲ್ಲಿ ನೂರಕ್ಕೆ ೨೧ ಪಾಲು! ಭಾರತೀಯರಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು. ಅದೂ ಹೊಟ್ಟೆಯ ಭಾಗದಲ್ಲಿ ಹೆಚ್ಚು.

ಇದರ ಬೇರು ತಾಯಿಯ ಗರ್ಭದವರೆಗೆ ಹೋಗುತ್ತದೆಂಬುದಕ್ಕೆ ನಮ್ಮ ಮೈಸೂರಿನಿಂದಲೇ ಸಾಕ್ಷ್ಯ ದೊರೆತಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ತೂಕವನ್ನು ೧೯೩೪ರಿಂದಲೂ ದಾಖಲೆಯಲ್ಲಿ ಬರೆದಿಡಲಾಗಿತ್ತು. ೧೯೩೪ರಿಂದ ೧೯೫೪ರವರೆಗೆ ಅಲ್ಲಿ ಹುಟ್ಟಿದ್ದ ೫೧೭ ಮಂದಿಯನ್ನು ಸಂಶೋಧಕರು ಪರೀಕ್ಷಿಸಿ ೧೯೯೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟುವಾಗ ಕಡಿಮೆ ತೂಕವಿದ್ದವರಿಗೆ ನಡುವಯಸ್ಸಿನಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಗರ್ಭದಲ್ಲಿ ಕೊರತೆಯನ್ನು ಕಂಡ ಮೈ, ಮುಂದೆ ಸಮೃದ್ಧಿ ಬಂದಾಗ ಅದನ್ನು ತಾಳಿಕೊಳ್ಳಲಾರದು.

ಆದುದರಿಂದಲೇ ನಮಗೆ ಮಿತಿಯ ರೇಖೆ ಬೇರೆ. ತೂಕವನ್ನು ಕಿಲೋಗ್ರಾಮಿನಲ್ಲಿ ತೆಗೆದುಕೊಂಡು, ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಸಂಖ್ಯೆಯೇ ಬಾಡಿ ಮಾಸ್ ಇಂಡೆಕ್ಸ್. ಪಾಶ್ಚಾತ್ಯರಿಗೆ ಇದು ೨೫ನ್ನು ದಾಟಿದರೆ ಹೆಚ್ಚು ತೂಕ, ೩೦ನ್ನು ದಾಟಿದರೆ ಬೊಜ್ಜು. ಭಾರತೀಯರಿಗೆ ೨೩ರಿಂದಲೇ ಎಚ್ಚರ, ೨೫ಕ್ಕೇ ಬೊಜ್ಜು ಎಂದು ನಮ್ಮ ತಜ್ಞರು ೨೦೦೯ರಲ್ಲಿ ನಿರ್ಣಯಿಸಿದರು. ೧೬೫ ಸೆಂಟಿಮೀಟರ್ ಎತ್ತರದವರು ೬೮ ಕಿಲೋ ತೂಗಿದರೆ ಈ ಸಂಖ್ಯೆ ೨೫ ಆಗುತ್ತದೆ. ಆ ತೂಕದವರನ್ನು ನಮ್ಮ ನೆಂಟರು “ಲಕ್ಷಣವಾಗಿದ್ದಾರೆ” ಎಂದೇ ಹೊಗಳುತ್ತಾರೆ! ಇನ್ನೂ ಸುಲಭವಾದ ಸಾಧನ ದರ್ಜಿಯ ಟೇಪು. ಸೊಂಟದ ಸುತ್ತಳತೆ ಗಂಡಸರಿಗೆ ೯೦ ಸೆಂಟಿಮೀಟರ್, ಹೆಂಗಸರಿಗೆ ೮೦ ಸೆಂಟಿಮೀಟರ್ ದಾಟಬಾರದು.

ಪ್ರಶಾಂತಿ ಕುಟೀರದ ಪಾಠ

ಇನ್ನು ಜಿಗಣಿಯ ಕುಟೀರಕ್ಕೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಯಂತ್ರಶಿಲ್ಪದಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕದ ನಾಸಾದಲ್ಲಿಯೂ ದುಡಿದು ಬಂದ ಡಾ॥ ಎಚ್. ಆರ್. ನಾಗೇಂದ್ರರೂ, ವೈದ್ಯೆ ಡಾ॥ ಆರ್. ನಾಗರತ್ನರೂ ಯೋಗವನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚಲು ಹೊರಟವರು. ಉಬ್ಬಸ ರೋಗದ ಮೇಲೆ ಯೋಗದ ಪರಿಣಾಮವನ್ನು ಕುರಿತ ಇವರ ಪ್ರಬಂಧ ೧೯೮೫ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟವಾಯಿತು. ಇವರ ಶ್ರಮದಿಂದ ಬೆಳೆದ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನಕ್ಕೆ ೨೦೦೨ರಲ್ಲಿ ವಿಶ್ವವಿದ್ಯಾನಿಲಯದ ಮಾನ್ಯತೆ ದೊರಕಿತು. ಅದರ ಆರೋಗ್ಯಧಾಮದಲ್ಲಿ ರೋಗಿಗಳು ತಂಗಿ ಚಿಕಿತ್ಸೆ ಪಡೆಯುತ್ತಾರೆ.

ಅಲ್ಲಿನ ದಿನಚರಿಯಲ್ಲಿ ಯಾವ ಮಾಟವೂ ಇಲ್ಲ. ಬೆಳಗಿನ ಜಾವದಲ್ಲಿ ಏಳುವುದು, ಆಸನ, ಪ್ರಾಣಾಯಾಮ, ಧ್ಯಾನ, ಹೊತ್ತಿಗೆ ಸರಿಯಾಗಿ ಸಾತ್ತ್ವಿಕವಾದ ಮಿತಾಹಾರ, ನಡಿಗೆ, ರಾತ್ರಿ ಬೇಗನೆ ಮಲಗುವುದು. ನಿಜ ಹೇಳಬೇಕೆಂದರೆ ನಿಧಾನವಾಗಿ ಮಾಡುವ ಆಸನಗಳಲ್ಲಿ ವ್ಯಯವಾಗುವ ಶಕ್ತಿ ಬಹಳವೇನಲ್ಲ. ತೂಕ ಇಳಿಯಲು ಕಾರಣ ಆ ದಿನಚರಿಯ ಸಮಗ್ರತೆ: ಕುರುಕಲು ತಿಂಡಿಯ ಡಬ್ಬ ಕೈಗೆಟುಕುವುದಿಲ್ಲ, ರಾತ್ರಿ ಹತ್ತೂವರೆಗೆ ಊಟವಿಲ್ಲ, ನಿದ್ರೆಗೆ ಭಂಗವಿಲ್ಲ, ಮನಸ್ಸಿಗೆ ಧಾವಂತವಿಲ್ಲ. ಬೇಸರ ಕಳೆಯಲು ತಿನ್ನುವವರಿಗೆ ಬೇಸರವನ್ನು ಬೇರೆ ರೀತಿಯಲ್ಲಿ ಕಳೆಯುವುದನ್ನು ಧ್ಯಾನ ಕಲಿಸುತ್ತದೆ.

ಆದರೆ ಕುಟೀರದ ಗೇಟು ದಾಟಿ ಮನೆ ಸೇರಿದ ಮೇಲೆ? ಮೇಜಿನ ಮೇಲೆ ಅದೇ ಚಕ್ಕುಲಿ, ಕೋಡುಬಳೆ. ಸಂಜೆಗೆ ಅದೇ ಬೇಕರಿಯ ಪಫ್ಸು. ರಾತ್ರಿ ಪಾಳಿ ಮುಗಿಸಿದ ಮೇಲೆ ಅದೇ ಅಕಾಲದ ಊಟ. ಎರಡು ವಾರದಲ್ಲಿ ಕಳೆದುದು ಎರಡು ತಿಂಗಳಲ್ಲಿ ಹಿಂದಿರುಗುತ್ತದೆ. ಆಗ ಮನೆಯವರು “ನಾಲಗೆಯ ಚಪಲ” ಎಂದು ಹಂಗಿಸುತ್ತಾರೆ. ಈ ನಿಂದೆ ನ್ಯಾಯವಲ್ಲ. ತೂಕ ಇಳಿದಾಗ, ಬರಗಾಲವೇ ಬಂದಿತೆಂದು ಭಾವಿಸುವ ದೇಹ ಹಸಿವನ್ನು ಹೆಚ್ಚಿಸುವ ರಸವನ್ನು ಅಧಿಕವಾಗಿ ಸ್ರವಿಸುತ್ತದೆ. ತೃಪ್ತಿಯನ್ನು ತಿಳಿಸುವ ರಸ ತಗ್ಗುತ್ತದೆ. ಈ ಏರುಪೇರು ಒಂದು ವರ್ಷದ ಬಳಿಕವೂ ಮುಂದುವರಿಯುತ್ತದೆಂದು ಆಸ್ಟ್ರೇಲಿಯದ ಸಂಶೋಧಕರು ೨೦೧೧ರಲ್ಲಿ ತೋರಿಸಿಕೊಟ್ಟರು. ತೂಕ ಇಳಿಸಿದವನು ತನ್ನ ದೇಹದೊಡನೆಯೇ ಹೋರಾಡುತ್ತಿರುತ್ತಾನೆ. ಆ ಹೊತ್ತಿನಲ್ಲಿ ಅವನಿಗೆ ಬೇಕಾದುದು ಹಂಗಿನ ಮಾತಲ್ಲ, ಮನೆಯ ಬೆಂಬಲ.

ಇದನ್ನು ಈ ಸಂಸ್ಥಾನದವರು ಅರಿಯದೆ ಇಲ್ಲ. ೨೦೧೭ರಲ್ಲಿ ದೇಶದಾದ್ಯಂತ ನಡೆದ ‘ನಿಯಂತ್ರಿತ ಮಧುಮೇಹ ಭಾರತ’ ಎಂಬ ಕಾರ್ಯದಲ್ಲಿ, ಮಧುಮೇಹದ ಅಂಚಿನಲ್ಲಿದ್ದವರಿಗೆ ೯ ದಿನಗಳ ಶಿಬಿರದಲ್ಲಿ ಯೋಗವನ್ನೂ ಆಹಾರಕ್ರಮವನ್ನೂ ಕಲಿಸಿ, ಬಳಿಕ ಮೂರು ತಿಂಗಳು ನಿತ್ಯಾಭ್ಯಾಸವನ್ನು ಮುಂದುವರಿಸುವಂತೆ ಏರ್ಪಡಿಸಲಾಗಿತ್ತು. ಅಭ್ಯಾಸವಿಲ್ಲದವರಿಗಿಂತ ಇವರಲ್ಲಿ ಮಧುಮೇಹಕ್ಕೆ ಜಾರಿದವರು ಕಡಿಮೆ. ಒಂಬತ್ತು ದಿನ ಶಿಬಿರ, ತೊಂಬತ್ತು ದಿನ ಮನೆ! ಈ ಪ್ರಮಾಣದಲ್ಲಿಯೇ ರಹಸ್ಯವಡಗಿದೆ.

ಎಷ್ಟು ಇಳಿಸಿದರೆ ಸಾಕು?

ಇಪ್ಪತ್ತರ ಹರೆಯದ ಸೊಂಟ ಮರಳಿ ಬರಬೇಕೆಂಬ ಹಟ ಬೇಡ. ಅಮೆರಿಕದಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗದಲ್ಲಿ ಇಟ್ಟುಕೊಂಡ ಗುರಿ ನೂರಕ್ಕೆ ೭ರಷ್ಟು ತೂಕವನ್ನು ಇಳಿಸುವುದು, ವಾರಕ್ಕೆ ೧೫೦ ನಿಮಿಷ ನಡೆಯುವುದು, ಇಷ್ಟೆ. ಮಧುಮೇಹದ ಅಂಚಿನಲ್ಲಿದ್ದವರಲ್ಲಿ ಆ ರೋಗ ಬರುವ ಸಂಭವ ನೂರಕ್ಕೆ ೫೮ರಷ್ಟು ತಗ್ಗಿತು. ಚೆನ್ನೈಯಲ್ಲಿ ಡಾ॥ ಎ. ರಾಮಚಂದ್ರನ್ ಅವರ ತಂಡ ನಮ್ಮವರ ಮೇಲೆಯೇ ನಡೆಸಿದ ಪ್ರಯೋಗದ ಫಲ ೨೦೦೬ರಲ್ಲಿ ಬಂದಿತು: ಊಟ ಮತ್ತು ನಡಿಗೆಗಳ ಬದಲಾವಣೆಯಿಂದ ಸಂಭವ ನೂರಕ್ಕೆ ಸುಮಾರು ೨೮ರಷ್ಟು ಇಳಿಯಿತು, ಮಾತ್ರೆಯಿಂದ ಆದ ಲಾಭವೂ ಹೆಚ್ಚು ಕಡಿಮೆ ಅಷ್ಟೇ. ೮೦ ಕಿಲೋ ತೂಗುವವರು ಐದೂವರೆ ಕಿಲೋ ಇಳಿಸಿದರೆ ಈ ಗುರಿ ಮುಟ್ಟಿದಂತೆ. ವಾರಕ್ಕೆ ಅರ್ಧ ಕಿಲೋ ಇಳಿದರೂ ಮೂರು ತಿಂಗಳಲ್ಲಿ ಕೈಗೂಡುವ ಕಾರ್ಯವಿದು.

ಅಡುಗೆಮನೆಯ ಲೆಕ್ಕ

ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು ೧೨೦ ಕ್ಯಾಲೊರಿಗಳಿವೆ. ಅರ್ಧ ಗಂಟೆ ಚುರುಕಾಗಿ ನಡೆದರೆ ಕರಗುವುದೂ ಹೆಚ್ಚು ಕಡಿಮೆ ಅಷ್ಟೆ. ನಾಲ್ಕು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕಿಕೊಳ್ಳುವವರು ದಿನಕ್ಕೆ ೧೬೦ ಕ್ಯಾಲೊರಿಗಳನ್ನು ತಿಳಿಯದೆಯೇ ಕುಡಿದಿರುತ್ತಾರೆ. ಆದುದರಿಂದ ಮೊದಲ ತಿದ್ದುಪಡಿ ನಡೆಯಬೇಕಾದುದು ಬೀದಿಯಲ್ಲಲ್ಲ, ಒಲೆಯ ಬಳಿಯಲ್ಲಿ. ತಲಾ ದಿನಕ್ಕೆ ೨೫ ಗ್ರಾಂ ಎಂದು ಹಿಡಿದರೆ ನಾಲ್ಕು ಜನರ ಸಂಸಾರಕ್ಕೆ ತಿಂಗಳಿಗೆ ಮೂರು ಲೀಟರಿನ ಆಸುಪಾಸು ಎಣ್ಣೆ ಸಾಕು. ನಿಮ್ಮ ಮನೆಯ ದಿನಸಿ ಚೀಟಿಯಲ್ಲಿ ಎಷ್ಟಿದೆಯೆಂದು ನೋಡಿಕೊಳ್ಳಿ.

“ನಾವು ಅನ್ನ ಬಿಟ್ಟು ಮುದ್ದೆ ಹಿಡಿದಿದ್ದೇವೆ” ಎಂದು ಕೆಲವರು ಹೇಳುವುದುಂಟು. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಹೇರಳವಾಗಿವೆ. ಅದನ್ನು ಯಾರೂ ಅಲ್ಲಗಳೆಯರು. ಆದರೆ ಎರಡು ದೊಡ್ಡ ಮುದ್ದೆ ನುಂಗಿ ಕುರ್ಚಿಯಲ್ಲಿ ಕುಳಿತರೆ, ಹೊಲದಲ್ಲಿ ಉತ್ತವನಿಗೆ ಸಿಕ್ಕ ಫಲ ಸಿಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನವೊಂದು ೨೦೨೫ರಲ್ಲಿ ತಿಳಿಸಿದ ಪ್ರಕಾರ, ನಮ್ಮ ಆಹಾರದ ಶಕ್ತಿಯಲ್ಲಿ ನೂರಕ್ಕೆ ೬೨ ಪಾಲು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ. ಅಕ್ಕಿಯ ಜಾಗಕ್ಕೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ತಂದುದರಿಂದ ಮಾತ್ರ ಮಧುಮೇಹದ ಅಪಾಯ ತಗ್ಗುವುದು ಕಾಣಲಿಲ್ಲ. ಧಾನ್ಯದ ಒಟ್ಟು ಪಾಲನ್ನೇ ತುಸು ಕಡಿಮೆ ಮಾಡಿ ಕಾಳು, ಬೇಳೆ, ಹಾಲು, ಮೊಸರುಗಳ ಪ್ರೋಟೀನನ್ನು ಹೆಚ್ಚಿಸಿದಾಗ ಅಪಾಯ ತಗ್ಗುವ ಸೂಚನೆ ಕಂಡಿತು.

ಹೀಗಾಗಿ ತಟ್ಟೆಯ ವಿಭಾಗ ಹೀಗಿರಲಿ: ಅರ್ಧ ಭಾಗ ಪಲ್ಯ, ಸೊಪ್ಪು, ಕೋಸಂಬರಿ, ಕಾಲು ಭಾಗ ಅನ್ನ, ಮುದ್ದೆ ಅಥವಾ ಚಪಾತಿ, ಇವುಗಳಲ್ಲಿ ಯಾವುದಾದರೂ ಒಂದು, ಉಳಿದ ಕಾಲು ಭಾಗ ಕಾಳು, ಬೇಳೆ ಅಥವಾ ಮಾಂಸಾಹಾರಿಗಳಾದರೆ ಮೊಟ್ಟೆ, ಮೀನು. ಆನೇಕಲ್ ಕಡೆಯ ಹಳೆಯ ಅಡುಗೆಯಾದ ಬಸ್ಸಾರು, ಹುರುಳಿಕಾಳಿನ ಸಾರು, ಮೊಳಕೆಕಾಳಿನ ಹುಳಿಗಳಿಗೆ ಯಾವ ವಿದೇಶೀ ಪಥ್ಯವೂ ಸಾಟಿಯಲ್ಲ. ಹಪ್ಪಳ, ಸಂಡಿಗೆ ಹಬ್ಬಕ್ಕಿರಲಿ. ಉಳಿದುದನ್ನು ಚೆಲ್ಲಲಾರದೆ ತಾನೇ ತಿಂದು ಮುಗಿಸುವ ಅಭ್ಯಾಸ ಎಷ್ಟೋ ಗೃಹಿಣಿಯರ ತೂಕಕ್ಕೆ ಕಾರಣ. ಒಂದು ಹಿಡಿ ಅಕ್ಕಿಯನ್ನು ಕಡಿಮೆ ಹಾಕುವುದೇ ಇದಕ್ಕೆ ಪರಿಹಾರ.

ಇಡೀ ಮನೆಯ ವ್ರತ

ಮನೆಯಲ್ಲಿ ಒಬ್ಬರಿಗೆ ಪಥ್ಯ, ಉಳಿದವರಿಗೆ ಬೋಂಡ ಎಂದರೆ ಪಥ್ಯ ಮೂರು ದಿನವೂ ನಿಲ್ಲದು. ಅಪ್ಪನ ಸಲುವಾಗಿ ಬದಲಾದ ಅಡುಗೆ ಮಕ್ಕಳಿಗೂ ಒಳ್ಳೆಯದೇ. ಮಕ್ಕಳನ್ನು ‘ಡುಮ್ಮ’, ‘ಡುಮ್ಮಿ’ ಎಂದು ಛೇಡಿಸುವುದನ್ನು ನಿಲ್ಲಿಸಬೇಕು. ನೊಂದ ಮಗು ಮತ್ತಷ್ಟು ತಿನ್ನುತ್ತದೆಯೇ ಹೊರತು ಆಟಕ್ಕೆ ಹೋಗುವುದಿಲ್ಲ. ಊಟದ ಹೊತ್ತಿನಲ್ಲಿ ಟೀವಿಯೂ ಮೊಬೈಲೂ ಮೌನವಾಗಿರಲಿ. ರಾತ್ರಿಯೂಟ ಸಾಧ್ಯವಾದಷ್ಟು ಎಂಟರೊಳಗೆ ಮುಗಿಯಲಿ. ರಾತ್ರಿ ಪಾಳಿಯವರು ಮನೆಯಿಂದ ಕಾಳು, ಮಜ್ಜಿಗೆ, ಹಣ್ಣುಗಳನ್ನು ಒಯ್ದರೆ ನಡುರಾತ್ರಿಯ ಸಮೋಸದಿಂದ ಪಾರಾಗಬಹುದು. ನಿದ್ರೆ ಕೆಟ್ಟವರಿಗೆ ಸಿಹಿಯ ಆಸೆ ಹೆಚ್ಚು. ಹಗಲಿನಲ್ಲಾದರೂ ಅವರ ನಿದ್ರೆಯನ್ನು ಮನೆಯವರು ಕಾಯಬೇಕು. ನಡಿಗೆಗೆ ಬಿಡುವಿಲ್ಲವೆನ್ನುವವರು ಬಸ್ಸನ್ನು ಒಂದು ನಿಲ್ದಾಣ ಮೊದಲೇ ಇಳಿಯಲಿ. ೨೦೨೫ರ ಆಗಸ್ಟಿನಿಂದ ಬೊಮ್ಮಸಂದ್ರದವರೆಗೆ ಮೆಟ್ರೊ ಓಡುತ್ತಿದೆ. ಅದರ ಮೆಟ್ಟಿಲುಗಳನ್ನು ಹತ್ತಿ ಇಳಿಯುವವರು ಮಾರಿಸರ ಕಂಡಕ್ಟರುಗಳ ಸಾಲಿಗೆ ಸೇರಿದಂತೆಯೇ ಸರಿ.

ಕೆಲವು ಎಚ್ಚರಿಕೆಗಳು ಅಗತ್ಯ. ಥೈರಾಯಿಡ್ ಗ್ರಂಥಿಯ ದೋಷದಿಂದಲೂ ಕೆಲವು ಔಷಧಿಗಳಿಂದಲೂ ತೂಕ ಏರುವುದುಂಟು. ಮೊದಲು ವೈದ್ಯರಲ್ಲಿ ಪರೀಕ್ಷೆಯಾಗಲಿ. ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಗರ್ಭಿಣಿಯರಿಗೆ ತೂಕ ಇಳಿಸುವ ಪಥ್ಯ ಸಲ್ಲದು. ಒಮ್ಮೆಲೇ ಹಸಿದು ತೂಕ ಕಳೆದರೆ ಮಾಂಸಖಂಡ ಕ್ಷಯಿಸುತ್ತದೆ. ಪಿತ್ತಕೋಶದಲ್ಲಿ ಕಲ್ಲು ಬೆಳೆಯಬಹುದು. ಇತ್ತೀಚೆಗೆ ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುವ ಪರಿಣಾಮಕಾರಿ ಔಷಧಿಗಳು ನಮ್ಮ ದೇಶಕ್ಕೂ ಬಂದಿವೆ. ಅವು ಯಾರಿಗೆ ಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ನಿಲ್ಲಿಸಿದೊಡನೆ ಕಳೆದ ತೂಕದ ಬಹುಭಾಗ ಹಿಂದಿರುಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಔಷಧಿಯಾದರೂ ಅಷ್ಟೆ, ಕುಟೀರವಾದರೂ ಅಷ್ಟೆ: ಅವು ಬಾಗಿಲನ್ನು ತೆರೆಯಬಲ್ಲವು, ಒಳಗೆ ನಡೆಯಬೇಕಾದವರು ನಾವು.

ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲಕ್ಕೆ ಒಬ್ಬನು ಬಲ್ಲವನಾಗಿದ್ದರೆ ಸಾಕಾಗುತ್ತಿತ್ತೇನೊ. ಮೈಗೆಲಸವೇ ಉಳಿದುದನ್ನು ನೋಡಿಕೊಳ್ಳುತ್ತಿತ್ತು. ಈಗ ಬಡಿಸುವವರೂ ಬಲ್ಲವರಾಗಬೇಕು, ಉಣ್ಣುವವರೂ ಬಲ್ಲವರಾಗಬೇಕು, “ಇನ್ನೊಂದು ಹಾಕಿಸಿಕೊಳ್ಳಿ” ಎಂದು ಒತ್ತಾಯ ಮಾಡುವ ನೆಂಟರಂತೂ ಮೊಟ್ಟಮೊದಲು ಬಲ್ಲವರಾಗಬೇಕು.